ಅಮ್ಮನ ಸೋಪು, ಅಪ್ಪನ ಜೀಪು

ಕಳೆದ ಸೋಮವಾರ ಗಾಂಧಿ ಬಜಾರಿನ ಬಳಿ, ಅಗೆದು ಹಾಗೇ ಬಿಟ್ಟ ರಸ್ತೆಯ ಕಲ್ಲು ತಾಗಿ ನನ್ನ ಕಾರಿನ ಪೆಟ್ರೋಲ್ ಟ್ಯಾಂಕು ಸೀಳಿತು. ಆ ವಾಸನೆ ಬಂದದ್ದೇ ನಾನು ಮತ್ತೆ ಬಾಲ್ಯದ ಆ ದಿನದಲ್ಲಿ, ಅಪ್ಪನ ಜೀಪಿನಲ್ಲಿದ್ದೆ.

ಅದು ಕಾಡುದಾರಿ. ಚೇಳು ಕುಟುಕಿದ ತಂಗಿ ನನ್ನ ತೊಡೆಯ ಮೇಲೆ ನರಳುತ್ತಿದ್ದಳು. ಬಂಡೆಗೆ ಬಡಿದ ಟ್ಯಾಂಕು ಸೋರುತ್ತಿತ್ತು, ಆಸ್ಪತ್ರೆ ಇನ್ನೂ ದೂರವಿತ್ತು.

"ನಿನ್ ಸೋಪು ಕೊಡೇ, ಬೇಗ," ಎಂದರು ಅಪ್ಪ ಜೀಪಿನಡಿಯಿಂದ ಅಮ್ಮನಿಗೆ.

ಹೋದಲ್ಲೆಲ್ಲ ತನ್ನದೇ ಸೋಪು ಒಯ್ಯುವ ಅಮ್ಮ ಅದನ್ನು ನಮಗೂ ಮುಟ್ಟಗೊಡುತ್ತಿರಲಿಲ್ಲ. ಅಂದು ತಾನೇ ಅದನ್ನು ನಾದಿ ಟ್ಯಾಂಕಿನ ಸೀಳಿಗೆ ಮೆತ್ತಿದಳು; ಪೆಟ್ರೋಲಿನಲ್ಲಿ ಕರಗದ ಸೋಪು ಸೋರಿಕೆ ತಡೆಯಿತು.

"ಸೋರ್ತಿದ್ಯಾ ನೋಡೋ," ಎಂದು ಅಪ್ಪ ದಾರಿಯುದ್ದಕ್ಕೂ ಕೇಳಿದರು. ನಾನು ಬಗ್ಗಿ ನೋಡುತ್ತಲೇ ಇದ್ದೆ. ತಂಗಿ ಉಳಿದಳು.

ಸೋಮವಾರ ನನ್ನ ಕಾರಿನಲ್ಲಿ ರೋಗಿ ಇರಲಿಲ್ಲ, ಅಷ್ಟೇ. ರಸ್ತೆ ಅಗೆದು ಎಚ್ಚರಿಕೆಯ ಫಲಕವನ್ನೂ ಇಡದೆ ಹೋದವರು ಯಾರು? ನಗರಪಾಲಿಕೆಯವರೇ, ಎಲ್ಲರೆದುರು ಉತ್ತರಿಸಿ.