ಕಡಲೆಕಾಯಿ ಹೊಟ್ಟಿನಲ್ಲಿ ಟ್ರಿಪಲ್ ಜಂಪ್

ಮಳೆಯನ್ನೇ ಕಾಣದ ಪಾವಗಡದಲ್ಲಿ ಕ್ರೀಡಾಕೂಟದ ದಿನವೇ ಮಳೆ ಹುಯ್ದುಬಿಟ್ಟಿತು. ಎಪ್ಪತ್ತರ ದಶಕದ ಮಾತು. ನಾನು ಡ್ರಿಲ್ ಮೇಷ್ಟ್ರು, ಅಳೆಯುವವನೂ ನಾನೇ. ಗಂಡಸರ ಟ್ರಿಪಲ್ ಜಂಪನ್ನು ಎಣ್ಣೆಮಿಲ್ಲಿನ ಗೋಡೌನಿಗೆ ತಂದೆವು. ಒಣ ಮರಳು ಸಿಗದೆ ಕಡಲೆಕಾಯಿ ಹೊಟ್ಟು ಹರಡಿದೆವು. ಹೊಟ್ಟಿನಲ್ಲಿ ಹೆಜ್ಜೆ ಗುರುತು ನಿಲ್ಲುವುದಿಲ್ಲ. ಅದಕ್ಕೇ ನಾನೊಂದು ರೂಲ್ಸು ಮಾಡಿದೆ: ಟೇಪು ಹಿಮ್ಮಡಿ ಮುಟ್ಟುವ ತನಕ ಹಾರಿದವನು ಅಲ್ಲಾಡಕೂಡದು.

ಪಕ್ಕದ ತಾಲ್ಲೂಕು ಸಿರಾದವನು ಮುಂದಿದ್ದ. ಪಾವಗಡದವನು ಕೊನೆಯ ಸಲ ನೆಗೆದು, ಮೊಣಕಾಲುದ್ದ ಹೂತು ನಿಂತ. ಟೇಪಿನ ತುದಿ ಹಿಡಿಯಬೇಕಾದವನು ಟೀಗೆ ಹೋಗಿದ್ದ. ಸಿರಾದವನೇ ಬಂದು ನೆಗೆಯುವ ಹಲಗೆಯ ಮೇಲೆ ತುದಿ ಒತ್ತಿ ಹಿಡಿದ.

“ರೇಯ್, ತುದಿ ಮುಂದಕ್ಕೆ ಜರುಗಿಸ್ತಾನೆ ನೋಡ್ರಾ!” ಪಾವಗಡದವರು ಕೂಗಿದರು.

“ಬೇಗ ಸಾ, ಸೀನು ಬರ್ತೈತೆ,” ಎಂದ ಹೊಟ್ಟಿನಲ್ಲಿ ನಿಂತವನು.

ಹೊಟ್ಟಿನೊಳಗೆ ಕೈ ತೂರಿಸಿ ಅವನ ಹಿಮ್ಮಡಿಗೆ ಟೇಪು ಮುಟ್ಟಿಸಿದೆ. ಸಿರಾದವನಿಗಿಂತ ಒಂದು ಗೇಣು ಮುಂದಿದ್ದ. ಅಷ್ಟರಲ್ಲಿ ಅವನು ಜೋರಾಗಿ ಸೀನಿ ಹಿಂದಕ್ಕೆ ಮಗುಚಿಕೊಂಡ.

“ಟೇಪ್ ಮುಟ್ಟೋಕ್ ಮೊದ್ಲೇ ಬಿದ್ದ, ಲೆಕ್ಕಕ್ಕಿಲ್ಲ!” ಸಿರಾದವರು ನುಗ್ಗಿದರು. ಪಾವಗಡದವರು ತೋಳೇರಿಸಿದರು. ಹೊಡೆದಾಟ ತಪ್ಪಲಿ, ಇಬ್ಬರೂ ಇನ್ನೊಂದು ಸಲ ಹಾರಲಿ ಎಂದೆ.

“ಬ್ಯಾಡಿ ಸಾ. ಟೇಪ್ ಮುಟ್ಟಿದ್ಮೇಲೇ ಬಿದ್ದಿದ್ದು. ಅವ್ನೇ ಗೆದ್ದ,” ಅಂದ ಸಿರಾದವನು. ಗೋಡೌನು ತಣ್ಣಗಾಯಿತು.

ಹೊರಗೆ ಸಿಕ್ಕಾಗ ಬೆನ್ನು ತಟ್ಟಿ, “ದೊಡ್ಡ ಮನಸ್ಸು ಕಣಪ್ಪ ನಿಂದು,” ಅಂದೆ.

ಅವನು ತೊಡೆ ಪರಪರ ಕೆರೆದುಕೊಳ್ಳುತ್ತಿದ್ದ. “ಮನ್ಸು ಅಂಗಿರ್ಲಿ ಸಾ. ಇನ್ನೊಂದ್ಸಲ ಆ ಹೊಟ್ಟಿಗೆ ಇಳ್ಸ್‌ಬುಡ್ತೀರ ಅಂತ ಹೆದ್ರಿಕೆ ಆಗೋಯ್ತು.”