ಎಲ್ಲಾ ಪುಟದಲ್ಲೂ ಅಣ್ಣನ ಹೆಸರು

ನನ್ನ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವ ಮಾತೆಂದರೆ ‘ಒಂದು ಸಣ್ಣ ಬದಲಾವಣೆ ಅಷ್ಟೇ, ಮೇಡಂ.’ ಇದನ್ನು ಹೇಳುವವರ ಮುಖ ಎಷ್ಟು ಮುಗ್ಧವಾಗಿರುತ್ತದೆಂದರೆ, ಕೈಯಲ್ಲಿರುವ ಮೌಸನ್ನು ಎಸೆಯಲೂ ಮನಸ್ಸು ಬಾರದು.

ಕಂಪ್ಯೂಟರು ಕಲಬುರಗಿಗೆ ಇನ್ನೂ ಹೊಸ ನೆಂಟನಾಗಿದ್ದ ಕಾಲ. ಶಹಾಬಜಾರದ ಹಳೆಯ ಮನೆಯೊಂದರ ಮುಂದಿನ ಕೋಣೆಯಲ್ಲಿ ಕೂತು ನಾನು ಗಿರಾಕಿಗಳಿಗೆ ಕಂಪ್ಯೂಟರ್ ಪಾಠಗಳನ್ನು ಮಾಡಿಕೊಡುತ್ತಿದ್ದೆ. ಅವರು ಹೇಳಿದ ವಿಷಯವನ್ನು ಸ್ಲೈಡುಗಳಾಗಿ ಬಿಡಿಸಿ, ದನಿ ಸೇರಿಸಿ, ಸಿ.ಡಿ.ಗೆ ಹಾಕಿ ಕೊಡುವುದು. ಆ ಕೆಲಸದಲ್ಲಿ ನನ್ನ ಮಾನ ಕಾಯುತ್ತಿದ್ದುದು ಸ್ಲೈಡ್ ಮಾಸ್ಟರ್. ಅದೊಂದು ಮೂಲ ಪುಟ. ಶೀರ್ಷಿಕೆ ಎಲ್ಲಿ, ಬಣ್ಣ ಯಾವುದು, ಕಂಪನಿಯ ಹೆಸರು ಯಾವ ಮೂಲೆಗೆ ಎಂದು ಅಲ್ಲಿ ಒಮ್ಮೆ ಹೇಳಿಬಿಟ್ಟರೆ ಪಾಠದ ಅಷ್ಟೂ ಪುಟಗಳು ಪಾಲಿಸುತ್ತವೆ. ಮನೆಯಲ್ಲಾಗಲಿ ಹೊರಗಾಗಲಿ, ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ಅದೊಂದೇ.

ಗಿರಾಕಿಗಳಿಗೆ ಮಾತ್ರ ಅದರ ಮೇಲೆ ಗುಮಾನಿ. ಕಪನೂರದಲ್ಲಿ ತೊಗರಿಬೇಳೆ ಮಿಲ್ಲು ನಡೆಸುತ್ತಿದ್ದ ಅಣ್ಣತಮ್ಮಂದಿರು ಒಮ್ಮೆ ಬಂದರು. ಸಿದ್ರಾಮಪ್ಪ ಅಣ್ಣ, ಮಲ್ಲಿನಾಥ ತಮ್ಮ. ಕೆಲಸದ ಹೆಣ್ಣುಮಗಳೊಬ್ಬಳ ಸೆರಗು ಯಂತ್ರದ ಬೆಲ್ಟಿಗೆ ಸಿಕ್ಕು, ಅವಳು ಸ್ವಲ್ಪದರಲ್ಲಿ ಪಾರಾಗಿದ್ದಳು. ಇನ್ನು ಹಾಗಾಗಬಾರದೆಂದು ಆಳುಗಳಿಗೆಲ್ಲ ಸುರಕ್ಷತೆಯ ಪಾಠ ಬೇಕಾಗಿತ್ತು. ನಾನು ಮಾಡಿದ್ದನ್ನು ನೋಡಿ ಸಿದ್ರಾಮಪ್ಪ ಮುಖ ಸಿಂಡರಿಸಿದರು.

“ಎಲ್ಲಾ ಪುಟ ಒಂದೇ ನಮೂನಿ ಅವಲ್ಲರೀ ಮೇಡಂ! ಒಂದು ಮಾಡಿ, ಉಳದದ್ದು ಛಾಪಾ ಹೊಡದೀರೇನು?”

ನಮ್ಮ ಕೋಟೆಯೊಳಗಿನ ಮಸೀದಿಯ ಕಮಾನುಗಳು ಸಾಲುಸಾಲಾಗಿ ಒಂದರಂತೆ ಒಂದಿವೆ, ಅದಕ್ಕೇ ಕಣ್ಣಿಗೆ ಹಿತ ಎಂದೆ. ಮೂರನೆಯ ಕಮಾನು ಗುಲಾಬಿ ಬಣ್ಣದ್ದಿರಲಿ ಎಂದು ಯಾವ ಸುಲ್ತಾನನೂ ಕೇಳಿರಲಿಕ್ಕಿಲ್ಲ ಎಂದೂ ಸೇರಿಸಿದೆ. ಮಲ್ಲಿನಾಥ “ಖರೇ ಅದರೀ” ಎಂದು ತಲೆಯಾಡಿಸಿ, ಶೀರ್ಷಿಕೆಯನ್ನು ಹಳದಿ ಮಾಡಿಸಿ ಹೋದರು. ಮರುದಿನ ಅಣ್ಣ ಒಬ್ಬರೇ ಬಂದು ಹಸಿರು ಮಾಡಿಸಿದರು. ಮತ್ತೆ ತಮ್ಮ, ಮತ್ತೆ ಹಳದಿ. ಹೀಗೇಕೆ ಬೇರೆಬೇರೆ ಬರುತ್ತಾರೆಂದು ವಿಚಾರಿಸಿದರೆ, ವ್ಯವಹಾರ ಪಾಲಾಗುತ್ತಿತ್ತು. ಕಪನೂರದ ಮಿಲ್ಲು ತಮ್ಮನಿಗೆ, ಕಮಲಾಪುರದಲ್ಲಿ ಹೊಸದಾಗಿ ಹಾಕಿದ್ದು ಅಣ್ಣನಿಗೆ. ನನ್ನ ಪಾಠದ ಪ್ರತಿ ಪುಟದ ಮೂಲೆಯಲ್ಲಿ ಮಾತ್ರ ಇನ್ನೂ ‘ಸಿದ್ರಾಮಪ್ಪ ಮಲ್ಲಿನಾಥ ದಾಲ್ ಮಿಲ್’ ಎಂದೇ ಇತ್ತು.

ಪಾಠ ತೋರಿಸುವುದು ಕಮಲಾಪುರದಲ್ಲಿ ಎಂದಾಯಿತು. ಕಂಪ್ಯೂಟರಿನ ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಮಹಾಗಾಂವದಲ್ಲಿ ಹತ್ತಿದ ಜನರ ಮೊಣಕೈಗಳಿಂದ ಅದನ್ನು ಕಾಪಾಡುತ್ತ, ಬಸ್ಸಿನಲ್ಲಿ ಹೋದೆ. ಎರಡೂ ಮಿಲ್ಲುಗಳ ಆಳುಗಳು ಕೂತಿದ್ದರು. ಇನ್ನೇನು ಶುರು ಮಾಡಬೇಕು, ಮಲ್ಲಿನಾಥ ಅಣ್ಣನಿಗೆ ಕೇಳಿಸುವಂತೆಯೇ ಹೇಳಿದರು.

“ಒಂದು ಸಣ್ಣ ಬದಲಾವಣೆ ಮೇಡಂ. ಅಣ್ಣನ ಹೆಸರು ತೆಗೀರಿ. ನಾ ಈ ಸಿ.ಡಿ. ನನ್ನ ಮಿಲ್ಲಿಗೆ ಒಯ್ತೀನಿ.”

“ತೆಗೀರಿ, ತೆಗೀರಿ,” ಎಂದರು ಸಿದ್ರಾಮಪ್ಪ ಬಿಗಿಯಾಗಿ. “ಅಷ್ಟೂ ಪುಟದಾಗ ತೆಗೀಲಾಕ ಸಂಜಿ ಆಗ್ತದ.”

ನನಗೂ ರೇಗಿತ್ತು. ಮಾಸ್ಟರ್ ಪುಟ ತೆರೆದು ಅಳಿಸಿಬಿಟ್ಟೆ. ಒಂದೊಂದೇ ಪುಟ ತಿರುವಿ ತೋರಿಸಿದೆ. ಎಲ್ಲಾ ಕಡೆ ಬರೀ ಮಲ್ಲಿನಾಥ.

“ಒಂದು ಒತ್ತಿದ್ದಕ್ಕ ಎಲ್ಲಾ ಕಡಿ ಹೋಯ್ತೇನ್ರೀ?” ಸಿದ್ರಾಮಪ್ಪನವರ ದನಿ ಇಳಿದಿತ್ತು. “ಒಂದರಾಗರೆ ಉಳದಿಲ್ಲೇನು?”

ಮಲ್ಲಿನಾಥ ನನ್ನ ಕೈಯಿಂದ ಮೌಸು ತೆಗೆದುಕೊಂಡು, ತಾವೇ ಮೊದಲ ಪುಟದಿಂದ ಅಣ್ಣನ ಹೆಸರು ಹುಡುಕುತ್ತ ಹೊರಟರು. ಕೊನೆಯ ಪುಟದಲ್ಲೂ ಸಿಗದಿದ್ದಾಗ ಮೌಸನ್ನು ಮರಳಿ ನನ್ನ ಕೈಗಿಟ್ಟರು.

“ವಾಪಸ್ ಹಾಕ್ರಿ ಮೇಡಂ. ಮಿಲ್ಲು ಪಾಲಾದ್ರ ಆಗ್ಲಿ. ಪಾಠ ಇಬ್ಬರದೂ ಒಂದೇ ಇರ್ಲಿ.”

ಅಣ್ಣ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ನಾನು ಹೆಸರು ಹಾಕಿ ಪಾಠ ಶುರು ಮಾಡಿದೆ. ಸೆರಗಿನ ಪುಟ ಬಂದಾಗ ಮುಂದಿನ ಸಾಲಿನ ಹೆಣ್ಣುಮಕ್ಕಳು ಸದ್ದಿಲ್ಲದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮೂಲೆಯ ಹೆಸರನ್ನು ಅವರಲ್ಲಿ ಒಬ್ಬರೂ ನೋಡಲಿಲ್ಲ.

ಮಿಲ್ಲು ಪಾಲಾಯಿತು. ಪಾಠ ಎರಡೂ ಕಡೆ ಅದೇ ಓಡಿತು, ಹಾಗಾಗಿ ಅದರ ಬಗ್ಗೆ ತಕರಾರು ಎತ್ತುವ ಹಕ್ಕು ಇಬ್ಬರಿಗೂ ಉಳಿಯಿತು. ಒಬ್ಬರಿಗೆ ಅಕ್ಷರ ದಪ್ಪ, ಇನ್ನೊಬ್ಬರಿಗೆ ಸಣ್ಣ. ನನ್ನ ತಲೆ ತಿನ್ನಲು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ಆದರೆ ಆ ಜಗಳಕ್ಕೆ ಇಬ್ಬರೂ ಒಂದೇ ಸ್ಕೂಟರಿನ ಮೇಲೆ ಬರುತ್ತಿದ್ದುದರಿಂದ, ನಾನು ಗೊಣಗುತ್ತಲೇ ಚಹಾ ತರಿಸುತ್ತಿದ್ದೆ.