ಎರಡು ಹೆಸರಿನ ತಂಬಿಗೆ

ಮಲ್ಲಣ್ಣನಿಗೆ ಹೇಳಿದವಳು ನಾನೇ, ಶಶಿ. ಅವನು ತಾನಾಗಿ ಏನನ್ನೂ ಕಂಡುಹಿಡಿಯಲಿಲ್ಲ. ನಿನಗೆ ಅಣ್ಣ, ನನಗೆ ತಮ್ಮ — ಅವನ ಕಣ್ಣಿಗೆ ತೊಗರಿಗೆ ಬಿದ್ದ ಹುಳ ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು. ಆದರೂ ಇಷ್ಟು ವರ್ಷ ನೀನು ಅವನನ್ನೇ ಶಪಿಸಿದೆ, ಅವನ ಮನೆ ಹೊಸ್ತಿಲು ತುಳಿಯುವುದನ್ನು ಬಿಟ್ಟೆ. ನನ್ನ ಮನೆಗೆ ಮಾತ್ರ ಬಂದೆ. ಬಂದಾಗೆಲ್ಲ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ನಾನು ಕಾಲು ಚಾಚಿಕೊಂಡು ತಿಕ್ಕಿಸಿಕೊಂಡೆ.

ಇನ್ನೊಂದು ಇದೆ. ಇದಕ್ಕಿಂತ ಕೆಟ್ಟದ್ದು. ಅದನ್ನೂ ಹೇಳುತ್ತೇನೆ, ಆದರೆ ಸಾಲಾಗಿ ಹೇಳಲು ಬಿಡು. ಮೂವತ್ತೈದು ವರ್ಷ ಜೇವರ್ಗಿಯ ಶಾಲೆಯಲ್ಲಿ ಕಲಿಸಿದ ಚಾಳಿ — ಮೊದಲಿನಿಂದ ಶುರು ಮಾಡದಿದ್ದರೆ ನನಗೆ ಕೈ ಓಡುವುದಿಲ್ಲ.

ಆಳಂದದಲ್ಲಿ ನಿಮ್ಮ ಬಾಡಿಗೆ ಮನೆಯಿತ್ತಲ್ಲ, ಎರಡೇ ಖೋಲಿ. ಮುಂದೆ ನಿನ್ನ ಹೊಲಿಗೆ ಮಶೀನು, ಹಿಂದೆ ಒಲೆ. ಮಹಾನಂದಾ ಆಳಂದ–ಅಫಜಲಪುರ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದವಳು ಖಾಕಿ ಅಂಗಿ ಕಳಚುವ ಮೊದಲೇ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: "ಶಶಿ, ಚಾ ಕುಡದಿಯೇನಬೇ?" ನೀನು ಕುಡಿದಿರುತ್ತಿರಲಿಲ್ಲ. ಅವಳು ಬರುವವರೆಗೆ ನೀನು ಎಂದೂ ಕುಡಿಯಲಿಲ್ಲ. ನಾನು ಬಂದಾಗ ಮಾತ್ರ ನನಗೊಬ್ಬಳಿಗೆ ಮಾಡಿಕೊಟ್ಟು, ನೀನು ಗಡಿಯಾರ ನೋಡುತ್ತ ಕೂಡುತ್ತಿದ್ದೆ.

ಹನ್ನೊಂದು ವರ್ಷ ಹಾಗೆ ಬಾಳಿದಿರಿ. ಯಾರೂ ಒಂದು ಮಾತು ಕೇಳಲಿಲ್ಲ. ಲಗ್ನ ಒಲ್ಲೆನೆಂದು ಹಟ ಹಿಡಿದ ಹುಡುಗಿ ನೀನು, ಗಂಡನನ್ನು ಬಿಟ್ಟು ಬಂದವಳು ಅವಳು — "ಪಾಪ, ಗೆಳತ್ಯಾರು, ಒಬ್ಬರಿಗೊಬ್ಬರು ಆಸರಾ" ಎಂದು ಮಂದಿ ಸುಮ್ಮನಿದ್ದರು. ಓಣಿಯ ಹೆಂಗಸರು ನಿಮ್ಮಿಬ್ಬರನ್ನೂ ಸೇರಿಸಿಯೇ ಕುಬಸಕ್ಕೆ, ತೊಟ್ಟಿಲಿಗೆ ಕರೆಯುತ್ತಿದ್ದರು. ನಾನೂ ಸುಮ್ಮನೇ ಇದ್ದೆ. ನನಗೂ ಆಗ ಏನೂ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ — ಅದೂ ಸುಳ್ಳು. ಗೊತ್ತಿತ್ತು. ಗೊತ್ತಿದ್ದದ್ದಕ್ಕೆ ಹೆಸರಿರಲಿಲ್ಲ, ಅಷ್ಟೇ.

ಹನ್ನೊಂದನೆಯ ವರ್ಷ ಕೋರ್ಟಿನ ತೀರ್ಪು ಬಂತು. ಗಂಡು ಗಂಡಿನೊಡನೆ, ಹೆಣ್ಣು ಹೆಣ್ಣಿನೊಡನೆ ಮನಸಾರೆ ಕೂಡಿದರೆ ಅದು ಅಪರಾಧವಲ್ಲ ಎಂದು ಟೀವಿಯಲ್ಲಿ ದಿನವೂ ಅದೇ ಚರ್ಚೆ. ನಮ್ಮ ಸ್ಟಾಫ್ ರೂಮಿನಲ್ಲಿ ಗಂಡಸರು ನಕ್ಕರು, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅದಾದ ಮೇಲೆ ಕಲಬುರಗಿಯಲ್ಲಿ ಶಿಕ್ಷಕರಿಗೆ ಎರಡು ದಿನದ ತರಬೇತಿ ಇಟ್ಟಿದ್ದರು. ಒಬ್ಬ ಮೇಡಂ ಬೋರ್ಡಿನ ಮೇಲೆ ಆ ಹೆಸರುಗಳನ್ನೆಲ್ಲ ಬರೆದು, ಒಂದೊಂದಾಗಿ ಬಿಡಿಸಿ ಹೇಳಿದರು. "ಇಂಥವರು ನಿಮ್ಮ ಮನೆಯಲ್ಲೇ ಇರಬಹುದು. ಅವರ ಗುಟ್ಟು ಅವರದು. ಅದನ್ನು ಇನ್ನೊಬ್ಬರ ಮುಂದೆ ಬಿಚ್ಚುವ ಹಕ್ಕು ನಿಮಗಿಲ್ಲ" ಎಂದರು. ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕೆಳಗೆ ಗೆರೆ ಎಳೆದೆ. ಆ ನೋಟ್‌ಬುಕ್ಕು ಇನ್ನೂ ನನ್ನ ಟ್ರಂಕಿನಲ್ಲಿದೆ.

ಅದರ ಮುಂದೆ ಬಂದದ್ದೇ ಎಳ್ಳ ಅಮಾವಾಸ್ಯೆ.

ಅಪ್ಪನ ಊರು ಸರಸಂಬಾದ ಹೊಲದಲ್ಲಿ ನಾವೆಲ್ಲ ಕೂಡಿದ್ದೆವು. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜೆ ಮಾಡಿ, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಡೆ ಹಿಡಿದಾಗಿತ್ತು. ಉಣ್ಣುವ ಮೊದಲು ಭೂತಾಯಿಗೆ ಚರಗ ಚೆಲ್ಲಬೇಕು. ನಮ್ಮ ಮನೆತನದಲ್ಲಿ ಅದು ಜೋಡಿಯ ಕೆಲಸ — ಗಂಡ ಮುಂದೆ ಎಡೆಯ ಅನ್ನ ಬೆಳೆಗೆ ಚೆಲ್ಲುತ್ತ ನಡೆಯುತ್ತಾನೆ, ಹೆಂಡತಿ ಹಿಂದೆ ನೀರು ಚಿಮುಕಿಸುತ್ತ ಹೋಗುತ್ತಾಳೆ. ಅಪ್ಪ ನಿನ್ನ ಬಾಳುವೆಗೆಂದು ನಿನ್ನ ಹೆಸರಿಗೆ ಮಾಡಿಕೊಟ್ಟ ಎರಡೆಕರೆಗೆ ನೀನು ಚೆಲ್ಲುತ್ತಿದ್ದೆ, ಹಿಂದೆ ತಂಬಿಗೆ ಹಿಡಿದು ಮಹಾನಂದಾ. ವರ್ಷಾ ವರ್ಷಾ ನೋಡಿದ್ದೆ. ಗಂಡಸು ದಿಕ್ಕಿಲ್ಲದ ಹೊಲ, ಮತ್ತ್ಯಾರು ಚೆಲ್ಲಬೇಕು ಎಂದುಕೊಂಡಿದ್ದೆ.

ಆ ವರ್ಷ ತಂಬಿಗೆ ಹೊಸದಿತ್ತು. ಹಿತ್ತಾಳೆಯದು, ಆಳಂದದ ಬಜಾರಿನಲ್ಲಿ ಕೊಂಡದ್ದು. ನೀರು ತುಂಬಿಕೊಡಲೆಂದು ನಾನೇ ಎತ್ತಿಕೊಂಡೆ. ಕಂಠದ ಕೆಳಗೆ ಭಾಂಡೆ ಅಂಗಡಿಯವನು ಮಶೀನಿನಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದಿದ್ದ: ಶಶಿಕಲಾ ಮಹಾನಂದಾ.

ನಮ್ಮ ಕಡೆ ಭಾಂಡೆಯ ಮೇಲೆ ಎರಡು ಹೆಸರು ಯಾವಾಗ ಹೊಡೆಸುತ್ತಾರೆ, ಯಾರ ಹೆಸರು ಹೊಡೆಸುತ್ತಾರೆ — ಇದನ್ನು ನಿನಗೆ ನಾನು ಹೇಳಬೇಕೆ? ನನ್ನ ಲಗ್ನದ ಕೊಡ, ಪರಾತ, ಚರಿಗೆಗಳ ಮೇಲೆಲ್ಲ ನನ್ನ ಹೆಸರು, ಅವರ ಹೆಸರು ಜೊತೆಜೊತೆಗೆ ಇವೆ. ಇಪ್ಪತ್ತೆಂಟು ವರ್ಷ ಬಾಳಿ ಅವರು ಹೋದರು. ನಾನು ಚಹಾ ಕುಡಿದೆನೋ ಇಲ್ಲವೋ ಎಂದು ಒಂದು ದಿನ, ಒಂದೇ ಒಂದು ದಿನ ಕೇಳಲಿಲ್ಲ ಆ ಪುಣ್ಯಾತ್ಮ. ಆ ತಂಬಿಗೆ ಹಿಡಿದುಕೊಂಡಾಗ ನನ್ನ ಮೈಯೆಲ್ಲ ಉರಿದುಹೋಯಿತು, ಶಶಿ. ಹೊಟ್ಟೆಕಿಚ್ಚು. ಇದಕ್ಕೆ ಬೇರೆ ಹೆಸರು ಹುಡುಕಿ ನೋಡಿದ್ದೇನೆ. ಆಗ ನನ್ನ ಮಗಳಿಗೆ ಗಂಡು ನೋಡುತ್ತಿದ್ದೆವು, ಮಂದಿ ಏನಂದಾರು ಎಂಬ ಅಂಜಿಕೆ ಇತ್ತು — ಇದ್ದದ್ದು ನಿಜ, ಆದರೆ ಆ ಗಳಿಗೆಗೆ ಅದು ನೆನಪೂ ಆಗಲಿಲ್ಲ. ಆಮೇಲೆ ಜೋಡಿಸಿಕೊಂಡ ನೆಪ ಅದು.

ಕೊಂಪೆಯ ಹಿಂದೆ ಮಲ್ಲಣ್ಣನನ್ನು ಕರೆದೆ. "ಮಲ್ಲೂ, ಅವರು ಗೆಳತ್ಯಾರಲ್ಲೋ. ಗಂಡ-ಹೆಂಡ್ತಿ ಇದ್ದಂಗ ಅದಾರ. ತಂಬಿಗಿ ಮ್ಯಾಲ ಬರಸ್ಯಾರ, ಓದಿ ನೋಡು."

ಅವನಿಗೆ ಅರ್ಥವೇ ಆಗಲಿಲ್ಲ. "ಏ, ಹೆಣ್ಮಕ್ಕಳಾಗ ಹಂಗೆಲ್ಲಾ ಇರ್ತದೇನಕ್ಕಾ?" ಎಂದು ನನ್ನ ಮುಖ ನೋಡಿದ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. "ಏನೋಪಾ, ನಂಗೂ ತಿಳೀದು" ಎಂದಿದ್ದರೆ ಅವನು ಉಣ್ಣಲು ಕೂಡುತ್ತಿದ್ದ. ನಾನು ಪಾಠ ಮಾಡಿದೆ. ಆ ಮೇಡಂ ಹೇಗೆ ಬಿಡಿಸಿ ಹೇಳಿದ್ದರೋ ಹಾಗೆಯೇ, ಬೋರ್ಡೊಂದೇ ಇರಲಿಲ್ಲ. ಮಂದಿಗೆ ತಿಳಿವಳಿಕೆ ಬರಲಿ ಎಂದು ಕಲಿಸಿದ ವಿದ್ಯೆಯನ್ನು ನಾನು ಮೊದಲು ಬಳಸಿದ್ದು ಅಲ್ಲಿ.

ಮುಂದಿನದು ನಿನ್ನ ಕಣ್ಣೆದುರೇ ಆಯಿತು. ನೀನು ಬದು ದಾಟಿದ್ದೆ, ಹಿಂದೆ ತಂಬಿಗೆ ಹಿಡಿದ ಮಹಾನಂದಾ ಇನ್ನೂ ದಾಟಿರಲಿಲ್ಲ. ಮಲ್ಲಣ್ಣ ಅಡ್ಡ ನಿಂತ. "ಇಲ್ಲಿಂದ ಮುಂದ ಕಾಲಿಡಬ್ಯಾಡ" ಎಂದ. "ಹೊಲ ನಂದದ, ನೀ ಯಾವನು ಕೇಳಾವ?" ಎಂದು ನೀನು ಚೀರಿದೆ. ಅವನು ನಿನ್ನ ರಟ್ಟೆ ಹಿಡಿದ. ದೊಡ್ಡಪ್ಪನ ಮಕ್ಕಳು, ಸೊಸೆಯಂದಿರು, ಬೀಗರು — ಎಲ್ಲರೂ ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಸುಮ್ಮನೆ ನೋಡಿದರು. ನಾನೂ ಅವರ ನಡುವೆ ನಿಂತು ನೋಡಿದೆ.

ನಿನಗೆ ಕಾಣದ್ದು ಇದು. ಮಹಾನಂದಾ ರಸ್ತೆಗೆ ಹೋಗುವಾಗ ನಾನು ಹಿಂದೆ ಹೋದೆ. ಯಾಕೆ ಹೋದೆನೋ — ಪಶ್ಚಾತ್ತಾಪ ಅಂತೂ ಅಲ್ಲ. ಅವಳು ನನ್ನನ್ನು ಕಂಡು ನಿಂತಳು. ಪಾಪ, ನಾನೊಬ್ಬಳಾದರೂ ಅವಳ ಪರವಾಗಿ ಬಂದೆ ಎಂದುಕೊಂಡಳು. ಅರ್ಧ ನೀರಿದ್ದ ತಂಬಿಗೆಯನ್ನು ನನ್ನ ಕೈಗಿಟ್ಟು, "ಅಕ್ಕಾರ, ಇದನ್ನ ಶಶಿಗಿ ಕೊಡ್ರಿ. ಬಾ ಅಂತ ಒಂದು ಮಾತು ಹೇಳಿ ಕಳಿಸಿದ್ರ ಸಾಕು, ಎಲ್ಲಿದ್ರೂ ಬರ್ತೇನಿ ಅಂತ ಹೇಳ್ರಿ" ಎಂದಳು. ನಾನು ಹೂಂ ಎಂದೆ.

ಕೊಡಲಿಲ್ಲ. ಹೇಳಲಿಲ್ಲ. ತಂಬಿಗೆಯನ್ನು ಚೀಲಕ್ಕೆ ಹಾಕಿಕೊಂಡು ಜೇವರ್ಗಿಗೆ ಬಂದೆ.

ಮಲ್ಲಣ್ಣ ನಿನ್ನನ್ನು ನಾಲ್ಕು ತಿಂಗಳು ಸರಸಂಬಾದಲ್ಲೇ ಇಟ್ಟುಕೊಂಡ, ನಿನ್ನ ಸಿಮ್ ಮುರಿದು ಒಲೆಗೆ ಹಾಕಿದ, ಆಳಂದದ ಮನೆ ಖಾಲಿ ಮಾಡಿಸಿದ. ನೀನು ಹಟ ಮಾಡಿ ತಿರುಗಿ ಆಳಂದಕ್ಕೆ ಹೋಗಿ ಬೇರೆ ಓಣಿಯಲ್ಲಿ ಮಶೀನು ಹಾಕಿದಾಗ ಮಹಾನಂದಾ ವರ್ಗ ಮಾಡಿಸಿಕೊಂಡು ಹೋಗಿದ್ದಳು. ನೀನು ನನಗೆ ಫೋನ್ ಮಾಡಿದೆ. "ಅಕ್ಕಾ, ನೀ ಒಬ್ಬಾಕಿನ ನನಗ ಉಳದಾಕಿ. ಎಲ್ಲಿ ಅದಾಳ ಅಂತ ಹುಡುಕಿ ಕೊಡು" ಎಂದು ಅತ್ತೆ. ಎರಡು ದಿನ ಬಿಟ್ಟು, ಯಾರನ್ನೂ ವಿಚಾರಿಸದೆಯೇ ನಾನು ಹೇಳಿದೆ: "ಕೆಲಸಾ ಬಿಟ್ಟು ಸೊಲ್ಲಾಪುರದಾಗ ಅಣ್ಣನ ಮನಿಗಿ ಹೋಗ್ಯಾಳಂತ. ನಿನ್ನ ಸುದ್ದಿ ಬ್ಯಾಡ ಅಂದಾಳಂತ. ಬಿಡು ಇನ್ನ."

ಅವಳು ಎಲ್ಲಿದ್ದಳು ಗೊತ್ತೆ? ನನ್ನ ಊರಲ್ಲಿ. ಜೇವರ್ಗಿ–ಯಡ್ರಾಮಿ ಬಸ್ಸಿನಲ್ಲಿ.

ಮೊದಲ ಸಲ ಅವಳನ್ನು ಆ ಬಸ್ಸಿನಲ್ಲಿ ಕಂಡಾಗ ಇಳಿದುಬಿಡಲು ನೋಡಿದೆ, ಬಸ್ಸು ಬಿಟ್ಟಾಗಿತ್ತು. ಟಿಕೆಟ್ ಕೊಡುತ್ತ ಕೇಳಿದಳು, "ತಂಬಿಗಿ ಕೊಟ್ರೇನ್ರಿ ಅಕ್ಕಾರ?" ಆಗ ಸಹ ಹೇಳಬಹುದಿತ್ತು. ಆಳಂದ ಏನು ಬೇರೆ ದೇಶವೇ — ಎರಡು ಬಸ್ಸಿನ ದಾರಿ. ಆದರೆ ಕೊಟ್ಟಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ, ಒಂದು ಎಳೆ ಎಳೆದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. "ಕೊಟ್ಟೆ. ಅಕಿ ಏನೂ ಅನ್ನಲಿಲ್ಲ" ಎಂದೆ. "ಹೌದೇನ್ರಿ" ಎಂದಳು. ಅಷ್ಟೇ. ಮುಂದಿನ ಸೀಟಿಗೆ ಹೋದಳು. ಇದೇ, ಶಶಿ, ಆ ಕೆಟ್ಟದ್ದು.

ಏಳು ವರ್ಷ. ಆ ಬಸ್ಸು ಹತ್ತಿದಾಗೆಲ್ಲ ಅವಳು ಒಂದೇ ಮಾತು ಕೇಳಿದಳು: "ಶಶಿ ಹೆಂಗ ಅದಾಳ್ರಿ?" ನಾನು "ಚಲೋ ಅದಾಳ" ಎಂದೆ. ನೀನು ಚೆನ್ನಾಗಿರಲಿಲ್ಲ. ನಿನ್ನ ಕೂದಲು ಉದುರಿತು, ಕಣ್ಣು ಮಂಜಾಯಿತು, ನೀನು ಚಹಾ ಕುಡಿಯುವುದನ್ನೇ ಬಿಟ್ಟೆ.

ಇದರ ನಡುವೆ, ನಗು ಬಂದರೆ ನಗು, ನಾನು ತರಬೇತಿ ಕೊಡುವವಳೂ ಆದೆ. ತಾಲೂಕಿನ ಟೀಚರುಗಳ ಮುಂದೆ ನಿಂತು, "ಇಂಥವರನ್ನು ನಮ್ಮವರೆಂದು ಒಪ್ಪಿಕೊಳ್ಳೋಣ" ಎಂದು ಭಾಷಣ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಒಂದು ಸಲ ಎಲ್ಲ ಮುಗಿದ ಮೇಲೆ ಒಬ್ಬ ಹೊಸ ಟೀಚರ್ ನನ್ನ ಹತ್ತಿರ ಬಂದು ಕೈ ಹಿಡಿದು, "ನಿಮ್ಮಂಥಾ ಅಕ್ಕ ನನಗಿದ್ದಿದ್ರ ಭಾಳ ಚಲೋ ಆಗ್ತಿತ್ರಿ ಮೇಡಂ" ಎಂದು ಕಣ್ಣೀರು ಹಾಕಿತು ಆ ಕೂಸು. ಥೂ ನನ್ನ ಜನ್ಮಕ್ಕೆ. ಅಂದಿನಿಂದ ಆ ಕೆಲಸ ಬಿಟ್ಟೆ. ಮೊಣಕಾಲು ನೋವೆಂದು ಹೇಳಿಕೊಂಡೆ.

ಹೋದ ವಾರ ಯಡ್ರಾಮಿಗೆ ಹೋಗಬೇಕಾಯಿತು. ಮಹಾನಂದಾ ಎಂದಿನಂತೆ ಕೇಳಿದಳು, ನಾನು ಎಂದಿನಂತೆ ಹೇಳಿದೆ. ಆಮೇಲೆ ಅವಳು ಅಂದಳು, "ಈ ತಿಂಗಳಾ ಕೊನಿಗಿ ರಿಟೈರ್ ಆಗ್ತೇನ್ರಿ ಅಕ್ಕಾರ. ಇನ್ನ ನಿಮಗ ಕೇಳಿ ಕೇಳಿ ಕಾಡಂಗಿಲ್ಲ. ಅಣ್ಣನ ಮಕ್ಕಳು ಪುಣೆದಾಗ ಅದಾರ, ಅಲ್ಲಿಗಿ ಹೋಗಾಕಿ." ಟಿಕೆಟ್ ಹರಿದು ನನ್ನ ಕೈಗಿಟ್ಟಳು. ನಾನು ಆಗಲೂ ಬಾಯಿ ಬಿಡಲಿಲ್ಲ, ಶಶಿ. ಮನೆಗೆ ಬಂದು ಈ ಕಾಗದ ಹಿಡಿದಿದ್ದೇನೆ. ಐದು ದಿನದಿಂದ ಬರೆಯುತ್ತಿದ್ದೇನೆ. ಸುಳ್ಳು ಹೊತ್ತು ಹೊತ್ತು ಸಾಕಾಗಿದೆ — ಆದರೆ ನನ್ನ ಹೊರೆ ಇಳಿಸಲೆಂದು ನಿನಗೆ ಹೇಳುತ್ತಿಲ್ಲ. ಅದು ನನ್ನ ತಲೆ ಮೇಲೇ ಇರಲಿ.

ಕ್ಷಮಿಸು ಎಂದು ಕೇಳುವುದಿಲ್ಲ. ಏಳು ವರ್ಷ ತಿರುಗಿ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಈ ಸಲ ಎಳ್ಳ ಅಮಾವಾಸ್ಯೆಗೆ ನಾನು ಸರಸಂಬಾಕ್ಕೆ ಹೋಗುತ್ತೇನೆ. ಮಲ್ಲಣ್ಣನಿಗೂ, ಅಂದು ರೊಟ್ಟಿ ಹಿಡಿದು ನೋಡಿದವರಿಗೂ, ಅಂದು ಹಚ್ಚಿಕೊಟ್ಟವಳು ನಾನು, ಹೊಲ ಶಶಿಯದು, ಅವಳ ಜೊತೆ ಯಾರು ನೀರು ಚಿಮುಕಿಸಬೇಕೆಂಬುದೂ ಅವಳದು ಎಂದು ಹೇಳುತ್ತೇನೆ. ಉಗುಳಿದರೆ ಉಗುಳಲಿ.

ನೀನು ಅಲ್ಲಿಯವರೆಗೆ ಕಾಯಬೇಡ. ತಿಂಗಳು ಮುಗಿಯಲು ಒಂಬತ್ತು ದಿನ ಇದೆ. ತಂಬಿಗೆ ಈ ಕಾಗದದ ಜೊತೆಗಿದೆ, ಹುಣಸೆಹಣ್ಣು ಹಚ್ಚಿ ಬೆಳಗಿದ್ದೇನೆ, ಹೆಸರು ಚೂರೂ ಅಳಿಸಿಲ್ಲ. ಜೇವರ್ಗಿ ಬಸ್ ಸ್ಟ್ಯಾಂಡಿನಿಂದ ಮುಂಜಾನೆ ಹತ್ತಕ್ಕೆ ಯಡ್ರಾಮಿ ಬಸ್ಸು ಬಿಡುತ್ತದೆ. ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಬೇಕು, ಮರೆಯಬೇಡ, ನೀನು ಮರೆಯುವವಳೇ. ನಾನು ಸ್ಟ್ಯಾಂಡಿಗೆ ಬರುವುದಿಲ್ಲ. ಮುಂದಿನ ಬಾಗಿಲಿನ ಹತ್ತಿರದ ಸೀಟಿನಲ್ಲಿ ಕೂತು ತಂಬಿಗೆಯನ್ನು ತೊಡೆಯ ಮೇಲಿಟ್ಟುಕೋ. ಅವಳು ಟಿಕೆಟ್ ಕೊಡಲು ಬರುತ್ತಾಳೆ. ನೀನು ಹೇಗಿದ್ದೀ ಎಂದು ಏಳು ವರ್ಷದಿಂದ ನನ್ನನ್ನು ಕೇಳುತ್ತಿದ್ದಾಳೆ. ನೀನೇ ಹೇಳು.